ಶೇಂಗಾಕ್ಕ ರೋಗ ಹಚ್ಚೋ ನೌಕರಿ

ಮಂದಿ ಬೆಳಿ ಬೆಳೀತಾರ, ನಾ ರೋಗ ಬೆಳೀತಿದ್ದೆ. ಇಂಥಾ ನೌಕರಿ ಇದ್ದಾಂವ ನಗು ಹುಡಕ್ಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಅದು ತಾನಾಗೇ ಮನಿ ವಿಳಾಸ ಕೇಳ್ಕೊಂಡು ಬರತದ.

ನಮ್ಮ ಕಡಿ ಕೆನಾಲ್ ನೀರು ಬಂದ ಹೊಸದರಾಗಿನ ಮಾತು ಇದು. ನೀರು ಬಂತು, ಬ್ಯಾಸಗಿ ಶೇಂಗಾ ಬಂತು, ಅದರ ಬೆನ್ನಿಗೇ ತುಕ್ಕು ರೋಗ ಬಂತು. ಎಲಿ ಹೊಳ್ಳಿಸಿ ನೋಡಿದ್ರ ಕೆಳಗ ಕೆಂಪನ್ನ ಪುಡಿ, ನೋಡನೋಡದ್ರಾಗ ಹೊಲ ಪೂರಾ ಒಣಗಿ ಹೋಗೋದು. ಈ ರೋಗಕ್ಕ ಜಗ್ಗದ ಶೇಂಗಾ ಯಾವುದರ ಅದ ಏನು ಅಂತ ಹುಡಕಾಕ ಸರಕಾರಿ ಕೃಷಿ ಕೇಂದ್ರದವರು ಶಹಾಪುರದಿಂದ ಗೋಗಿಗೆ ಹೋಗೋ ದಾರಿ ಬಾಜೂ ಒಂದು ಸಣ್ಣ ಹೊಲ ತಗೊಂಡ್ರು. ನಾ ಅಲ್ಲಿ ಸಹಾಯಕ. ನಮ್ಮ ಸಾಹೇಬ್ರು ದಕ್ಷಿಣದ ಕಡಿಯವರು. ಕಾಫಿ ಗಿಡದ ತುಕ್ಕು ರೋಗದ ಮ್ಯಾಲ ಭಾಳ ವರ್ಷ ದುಡದು, ಅದೇ ಜಾತಿ ರೋಗ ಶೇಂಗಾಕ್ಕೂ ಬರತದ ಅಂತ ಇಲ್ಲಿಗೆ ವರ್ಗ ಆಗಿ ಬಂದಿದ್ರು.

ರೋಗಕ್ಕ ಜಗ್ಗದ ತಳಿ ಸಿಗಬೇಕಂದ್ರ ಮದಲ ಎಲ್ಲಾ ತಳಿಗೂ ರೋಗ ಹಚ್ಚಬೇಕು. ಸಾಲಿಗೊಂದು ತಳಿ ಬಿತ್ತೋದು, ಎಲ್ಲಿಂದರ ರೋಗದ ಎಲಿ ತರೋದು, ನೀರಾಗ ತೊಳದು ಆ ನೀರು ಸಂಜಿಮುಂದ ಚೊಲೊ ಗಿಡಕ್ಕ ಹೊಡಿಯೋದು. ಎಲ್ಲಾ ಸಾಲಿಗೂ ರೋಗ ಬಂದು ಒಂದು ಉಳೀತು ಅಂದ್ರ ಅದು ಗೆದ್ದಂಗ. ಇದನ್ನ ಸಾಹೇಬ್ರು ನನಗ ಒಂದೇ ಮಾತಿನ್ಯಾಗ ತಿಳಿಸಿದ್ರು. ನಾ ಊರ ಮಂದಿಗೆ ತಿಳಸಾಕ ಹೋಗಿ ಸಾಕಾಗಿ ಹೋದೆ. ತಳಿ ಸಿಗಲಿಲ್ಲ ಅಂದ್ರ ಹೊಲ ಮುಚ್ಚತೀವಿ ಅಂತ ಮ್ಯಾಲಿನವರು ಮದಲೇ ಹೇಳಿಬಿಟ್ಟಿದ್ರು. ಹೊಲ ಮುಚ್ಚಿದ್ರ ನಾನೂ ಮನಿಗೇ, ಯಾಕಂದ್ರ ನನ್ನ ನೌಕರಿ ಇನ್ನಾ ಪಕ್ಕಾ ಆಗಿರಲಿಲ್ಲ.

೧. ಹೆಣ್ಣು ನೋಡಾಕ ಹೋದದ್ದು

ಸುರಪುರಕ್ಕ ಹೆಣ್ಣು ನೋಡಾಕ ಹೋಗಿದ್ವಿ. ನಮ್ಮಣ್ಣ ದಾರಿತುಂಬ ಬುದ್ಧಿ ಹೇಳ್ಕೋತ ಬಂದಿದ್ದ: ಯಾರರ ಕೇಳಿದ್ರ ಕೃಷಿ ಕೆಲಸ ಅಂತಷ್ಟ ಹೇಳು, ಮುಂದ ಬಾಯಿ ಬಿಡಬ್ಯಾಡ. ನಾನೂ ಹೂಂ ಅಂದಿದ್ದೆ.

ಚಹಾ, ಸುಸಲಾ ಆತು. ಹುಡುಗಿ ಸ್ವಾದರಮಾವ ಭಾಳ ಚೌಕಶಿ ಮನಷ್ಯಾ. ಕೃಷಿ ಕೆಲಸ ಅಂದ್ರ ಏನು ಮಾಡತೀರಿ ಅಂದ. ಶೇಂಗಾ ನೋಡ್ಕೋತೀನ್ರಿ ಅಂದೆ. ನೋಡ್ಕೊಂಡು ಏನು ಮಾಡತೀರಿ ಅಂದ. ನಮ್ಮಣ್ಣ ಕೆಮ್ಮಿದ. ನಾ ತಡಕೊಳ್ಳಲಿಲ್ಲ, ರೋಗ ಹಚ್ಚತೀನ್ರಿ ಅಂದುಬಿಟ್ಟೆ. ಬ್ಯಾನಿ ಬಿದ್ದ ಎಲಿ ತಂದು ಚೊಲೊ ಗಿಡಕ್ಕ ಹೊಡೀತೀನಿ, ಅವು ಕೆಟ್ಟ ಹೋಗತಾವ, ನಾ ದಿನಾ ಹೋಗಿ ಎಷ್ಟು ಕೆಟ್ಟಾವ ಅಂತ ನೋಡತೀನಿ ಅಂತ ಎಲ್ಲಾ ಬಿಡಿಸಿ ಹೇಳಿದೆ.

ಒಳಗ ಬಾಗಲ ಸಂದ್ಯಾಗ ಯಾರೋ ಕಿಸಕ್ಕಂತ ನಕ್ಕಿದ್ದು ಕೇಳಸ್ತು. ಇದಕ್ಕ ಸರಕಾರ ಪಗಾರ ಕೊಡತದೇನು ಅಂತ ಆತ ಕೇಳಿದ, ಕೊಡತದ್ರಿ ಅಂದೆ. ಆತ ಎದ್ದು ಒಳಗ ಹೋದ. ನಮ್ಮಣ್ಣ ಚಪ್ಪಲಿ ಎಲ್ಲಿ ಬಿಟ್ಟೀನಿ ಅಂತ ನೋಡಾಕತ್ತಿದ್ದ. ಅಷ್ಟ್ರಾಗ ಆತ ಹೊರಗ ಬಂದು, ಹುಡುಗಿ ಕೊಡತೀವಿ ಅಂದ. ನಮ್ಮಣ್ಣ ತಡಕೊಳ್ಳಲಾರದ ಯಾಕ್ರಿ ಅಂತ ಕೇಳೇಬಿಟ್ಟ.

"ಸುಳ್ಳ ಹೇಳಾವ್ರು ಇದ್ರ ಇದಕ್ಕಿಂತ ಚೊಲೊ ನೌಕರಿ ಹೇಳತಿದ್ರು" ಅಂದ ಆತ. "ಹುಡುಗ ಖರೇವಂತ ಇದ್ದಾನ್ರಿ."

೨. ಟೆಂಪೋದಾಗಿನ ಆಡು

ಒಂದ್ಸಲ ಸುರಪುರದ ಆಚೆ ಒಂದು ಹೊಲದಾಗ ಭಾಳ ಚೊಲೊ ರೋಗ ಬಂದದ ಅಂತ ಸುದ್ದಿ ಬಂತು. ಚೊಲೊ ರೋಗ ಅಂದ್ರ ನಗಬ್ಯಾಡ್ರಿ, ನಮಗ ಅದು ಚೊಲೋನೇ. ಹೋಗಿ ಒಂದು ಗಂಟು ಎಲಿ ಹರಕೊಂಡು, ಹಸಿ ಅರಿವ್ಯಾಗ ಸುತ್ತಿ, ಕೂಸಿನಂಗ ಮಡಲಾಗ ಇಟ್ಕೊಂಡು ಟೆಂಪೋ ಹತ್ತಿದೆ. ಬಾಜೂಕ ಒಬ್ಬಾಕಿ ಆಯಿ, ಆಕಿ ಕಾಲಾಗ ಒಂದು ಆಡು.

ಬಿಸಲಿಗೆ ನನಗ ಜೋಂಪು ಹತ್ತಿತ್ತು. ಎಚ್ಚರಾದಾಗ ಅರಿವಿ ಬಿಚ್ಚಿತ್ತು, ಆಡು ಕಡೀ ಎಲಿ ಮೆಲ್ಲಾಕತ್ತಿತ್ತು. ನಾ ಅಯ್ಯಯ್ಯೋ ರೋಗದ ಎಲಿ ಅಂತ ಒದರಿದೆ. ಆಯಿ ಎದಿ ಎದಿ ಬಡಕೊಂಡ್ಳು. ಟೆಂಪೋ ನಿಂತು ಮಂದಿ ಎಲ್ಲಾ ಇಳದ್ರು. ಆಡಿಗೆ ಏನೂ ಆಗಂಗಿಲ್ಲಬೇ, ಈ ರೋಗ ಶೇಂಗಾಕ್ಕಷ್ಟ ಬರತದ ಅಂತ ಆಕಿಗೆ ತಿಳಿಸಿ ಹೇಳೋದ್ರಾಗ ನನ್ನ ಗಂಟಲ ಒಣಗಿತು. ತಿಳದ ಮ್ಯಾಲ ಆಕಿ, ಒಂದು ಆಡಿಗೂ ಏನೂ ಮಾಡಲಾರದ ರೋಗ ಹೊತ್ಕೊಂಡು ಊರೂರು ತಿರಗತೀಯಲ್ಲೋ ಅಂತ ನನಗೇ ಬೈದ್ಳು.

ಬರಿಗೈಲೆ ಹೋಗಿ ಸಾಹೇಬ್ರ ಮುಂದ ನಿಂತೆ. ರೋಗ ಎಲ್ಲಿ ಅಂದ್ರು. ಆಡು ತಿಂತ್ರಿ ಅಂದೆ. ಆಡಿಗೆ ಏನಾಯ್ತು ಅಂದ್ರು. ಏನೂ ಆಗಲಿಲ್ರಿ, ಇನ್ನಷ್ಟು ಬೇಕನ್ನಾಕತ್ತಿತ್ತು ಅಂದೆ. ಸಾಹೇಬ್ರು ಕನ್ನಡಕ ತಗದು ಒರಸ್ಕೊಂಡ್ರು.

"ನಾವು ಇಷ್ಟು ದಿನ ಹುಡುಕ್ತಿರೋ ತಳಿ ಆ ಮೇಕೆನೇ ಕಣ್ರೀ" ಅಂದ್ರು. "ಹಿಡ್ಕೊಂಡು ಬರಬಾರದಿತ್ತಾ?"

೩. ಕಾಕಾನ ಉಪಕಾರ

ನಮ್ಮ ಹೊಲದ ಬಾಜೂ ಒಬ್ಬ ಮುದುಕ ರೈತ ಇದ್ದ, ಎಲ್ಲರೂ ಕಾಕಾ ಅಂತಿದ್ವಿ. ಬಂಗಾರದಂಥಾ ಮನಷ್ಯಾ. ನಾ ಸಂಜಿಮುಂದ ಪಂಪು ಹೆಗಲಿಗೆ ಹಾಕ್ಕೊಂಡು ರೋಗದ ನೀರು ಹೊಡಿಯೋದನ್ನ ಬದುವಿನ ಮ್ಯಾಲ ಕುಂತು ನೋಡತಿದ್ದ. ನಾ ಹೊಡದಂಗೆಲ್ಲಾ ಬೆಳಿ ಕೆಡೋದು. ಪಾಪ, ಈ ಹುಡುಗಗ ಯಾರೋ ಔಷಧ ಅಂತ ಖೋಟಾ ಎಣ್ಣಿ ಕೊಟ್ಟಾರ, ಹಿಂಗಾದ್ರ ಇವನ ನೌಕರಿ ಹೋಗತದ ಅಂತ ಆತ ಒಳಗೊಳಗ ಮರಗಿದ್ದು ನನಗ ಗೊತ್ತೇ ಆಗಲಿಲ್ಲ.

ಆ ವರ್ಷ ರೋಗ ಬಂದಂಗ ಬಂದು ಒಮ್ಮೆಲೆ ನಿಂತುಬಿಡ್ತು. ಹೊಸಾ ಎಲಿ ಮ್ಯಾಲ ಒಂದು ಚುಕ್ಕಿ ಇಲ್ಲ. ಅದೂ ಒಂದು ಸಾಲಿಗಲ್ಲ, ಹೊಲಕ್ಕ ಹೊಲಾನೇ ಹಚ್ಚಗ. ಸಾಹೇಬ್ರು ಸಾಲಿಂದ ಸಾಲಿಗೆ ಓಡ್ಯಾಡಿದ್ರು. ಒಂದು ತಳಿ ಹುಡುಕಿದ್ರೆ ಎಲ್ಲವೂ ಸಿಕ್ಕಿಬಿಟ್ವಲ್ರೀ ಅಂತ ನನ್ನ ತೆಕ್ಕಿ ಬಡಕೊಂಡ್ರು. ಶಹಾಪುರಕ್ಕ ಮಂದಿ ಕಳಿಸಿ ಪೇಢೆ ತರಿಸಿದ್ರು. ಬಾಜೂಕ ಇದ್ದಾನಂತ ಕಾಕಾಗೂ ಕರದ್ವಿ.

ಕಾಕಾ ಎರಡು ಪೇಢೆ ತಿಂದು, ಧೋತರಕ್ಕ ಕೈ ಒರಸ್ಕೊಂಡು, ನನ್ನನ್ನ ಬದಿಗೆ ಕರದು ಕಿವ್ಯಾಗ ಹೇಳಿದ:

"ನಸುಕಿನ್ಯಾಗ ಬಂದು ನಾನೇ ಖರೇ ಎಣ್ಣಿ ಹೊಡದೀನೋ ತಮ್ಮಾ. ಸಾಹೇಬ್ರ ಮುಂದ ನನ್ನ ಹೆಸರ ಹೇಳಬ್ಯಾಡ. ನೀನೇ ಹೊಡದಿ ಅಂತ ಹೇಳು, ಹೆಸರು ನಿನಗ ಬರಲಿ."

೪. ದೊಡ್ಡ ಸಾಹೇಬ್ರು ಬಂದದ್ದು

ಕಾಕಾನ ಉಪಕಾರದಿಂದ ಒಂದು ಬ್ಯಾಸಗಿ ಪೂರಾ ನೀರಾಗ ಹೋತು. ಮುಂದಿನ ಬ್ಯಾಸಗೀಗೆ ಕೇಂದ್ರದಿಂದ ದೊಡ್ಡ ಸಾಹೇಬ್ರೇ ಬಂದು ನೋಡತಾರ, ಅವತ್ತು ಏನೂ ಕಾಣಸಲಿಲ್ಲ ಅಂದ್ರ ಅವತ್ತೇ ಹೊಲ ಬಂದ್ ಅಂತ ಹೇಳಿ ಕಳಿಸಿದ್ರು. ಅಷ್ಟೊತ್ತಿಗೆ ನನ್ನ ಲಗ್ನ ಆಗಿತ್ತು. ನನ್ನ ಹೆಂಡತಿ ದಿನಾ ಸಂಜಿಗೆ ಬಾಗಲಾಗ ನಿಂತು, ರೋಗ ಚೊಲೊ ಬಂದದೇನ್ರಿ ಅಂತ ಕೇಳೋಳು. ಭಾಳ ಚೊಲೊ ಬಂದದ ಅಂತ ನಾ ಅನ್ನೋದು. ಓಣ್ಯಾಗಿನ ಮಂದಿ ನಮ್ಮನ್ನ ನೋಡೋ ರೀತಿನೇ ಬದಲಾಗಿತ್ತು.

ಖರೇನೇ ಆ ಸಲ ರೋಗ ಹೇಳಿ ಮಾಡಿಸಿದಂಗ ಬಂದಿತ್ತು. ದೊಡ್ಡ ಸಾಹೇಬ್ರು ಬರೋ ಹಿಂದಿನ ದಿನ, ಹೊಲದಾಗ ಕಸಾ ತಗಿಯೋ ನಾಕು ಹೆಣ್ಮಕ್ಕಳಿಗೆ, ನಾಳಿ ದೊಡ್ಡವರು ಬರತಾರ, ಹೊಲ ಚೊಕ್ಕ ಇರಲಿ ಅಂತ ಹೇಳಿ ನಾನೂ ಸಾಹೇಬ್ರೂ ಯಾದಗಿರಿ ಸ್ಟೇಷನ್ನಿಗೆ ಹೋದ್ವಿ. ರೈಲು ಮುಂಜಾನೆ ಬರೋದಿತ್ತು, ರಾತ್ರಿ ಅಲ್ಲೇ ವಸ್ತಿ.

ಮರುದಿನ ಜೀಪು ಹೊಲಕ್ಕ ಬಂತು. ಇಳದು ನೋಡತೀನಿ, ದಾರಿ ಕಡಿ ಗಿಡದ ಮ್ಯಾಲ ಎಲಿನೇ ಇಲ್ಲ. ಸಾಲ ಸಾಲೇ ಬೋಳು, ಬರೇ ಕಡ್ಡಿ. ಹೆಣ್ಮಕ್ಕಳು ಎಣ್ಣಿ ಹಚ್ಚಿ ತಲಿ ಬಾಚ್ಕೊಂಡು, ಹೂವ ಮುಡಕೊಂಡು ಸಾಲಾಗಿ ನಿಂತಾರ. ನಮ್ಮ ಸಾಹೇಬ್ರು ಜೀಪಿನ ಬಾಗಲಾ ಹಿಡಕೊಂಡೇ ನಿಂತ್ರು. ರೋಗ ಎಲ್ಲಿ ಅಂತ ದೊಡ್ಡ ಸಾಹೇಬ್ರು ಕೇಳಿದ್ರು.

ಹೆಣ್ಮಕ್ಕಳೊಳಗ ಹಿರೇಕಿಗೆ ಎಲ್ಲರೂ ದೊಡ್ಡವ್ವ ಅಂತಿದ್ರು. ಆಕಿ ಸೆರಗು ಸರಿ ಮಾಡ್ಕೊಂಡು ಮುಂದ ಬಂದ್ಳು.

"ದೊಡ್ಡವರು ಬರೋ ಹೊತ್ತಿನ್ಯಾಗ ಬ್ಯಾನಿ ಬಿದ್ದಿದ್ದು ತೋರಸ್ತಾರೇನ್ರಿ? ನಿನ್ನೆ ಹೊತ್ತ ಮುಳಗೋತನಾ ಕುಂತು, ಕೆಂಪು ಹತ್ತಿದ್ದ ಎಲಿ ಒಂದೂ ಬಿಡದಂಗ ಹರದೇವ್ರಿ."

ಆಕಿ ಮಾರಿ ಮ್ಯಾಲಿನ ಸಂತೋಷ ನೋಡಿ ನನಗ ಬೈಯಾಕ ಬಾಯಿನೇ ಬರಲಿಲ್ಲ. ಮನಿಗೆ ಬೀಗರು ಬರತಾರಂದ್ರ ಹರಕು ಕೌದಿ ಒಳಗ ಸರಸ್ತಾರಲ್ಲ, ಹಂಗ ಮಾಡಿದ್ರು ಪಾಪ. ನನ್ನ ನೌಕರಿ ಹೋತು ಅಂತ ಹೆಂಡತಿಗೆ ಹೆಂಗ ಹೇಳಬೇಕೋ, ಮನಸಿನ್ಯಾಗ ಮಾತು ಜೋಡಿಸಾಕತ್ತಿದ್ದೆ.

ದೊಡ್ಡ ಸಾಹೇಬ್ರು ಸಾಲ ಗುಂಟ ನಡದ್ರು. ಹರದ ಎಲಿ ದನಕ್ಕ ಒಯ್ಯಾಕ ಅಂತ ಸಾಲಿನ ತುದಿಗೆ ಒಂದೊಂದು ಗುಂಪಿ ಹಾಕಿದ್ರು. ಕೆಲವು ಸಾಲಿಗೆ ದೊಡ್ಡ ಗುಂಪಿ, ಕೆಲವಕ್ಕ ಸಣ್ಣದು. ಹೊಲದ ಆ ಕಡೀಗೆ ಹೋಗಿ ಅವರು ಒಮ್ಮೆಲೆ ನಿಂತ್ರು. ಅಲ್ಲೊಂದು ಸಾಲು ಹಚ್ಚಗ ಹುಲುಸಾಗಿ ಎಲಿ ತುಂಬಿ ನಿಂತಿತ್ತು. ಅದರ ತುದಿಗೆ ಗುಂಪಿನೇ ಇರಲಿಲ್ಲ.

ಇದನ್ನ ಯಾಕ ಬಿಟ್ರಿ ಅಂದ್ರು. ದೊಡ್ಡವ್ವನ ಮಾರಿ ಸಣ್ಣದಾತು.

"ಕೆಲಸಾ ತಪ್ಪಿಸಿಲ್ರಿ ಸಾಹೇಬ್ರ, ಬೈಬ್ಯಾಡ್ರಿ" ಅಂದ್ಳು. "ನಾಕೂ ಮಂದಿ ಎಲಿ ಹೊಳ್ಳಿಸಿ ಹೊಳ್ಳಿಸಿ ನೋಡೀವಿ. ಹರಿಯಾಕ ಒಂದೂ ಸಿಗಲಿಲ್ರಿ."

ದೊಡ್ಡ ಸಾಹೇಬ್ರು ಇಸ್ತ್ರಿ ಪ್ಯಾಂಟಿನ್ಯಾಗೇ ಕೆಸರಾಗ ಮೊಣಕಾಲು ಊರಿ ಎಲಿ ಹೊಳ್ಳಿಸಿದ್ರು. ಒಂದು, ಮತ್ತೊಂದು, ಮತ್ತೊಂದು. ಎಲ್ಲೂ ಕೆಂಪಿಲ್ಲ. ಇಷ್ಟು ಸಾಫ್ ಕಾಣೋ ಪ್ರಯೋಗ ನಾ ನೋಡೇ ಇಲ್ಲ ಅಂದ್ರು. ನಮ್ಮ ಸಾಹೇಬ್ರು ಆ ಸಾಲಿನ ಮುಂದ ಕುಂತುಬಿಟ್ರು, ಕಣ್ಣಾಗ ನೀರು ಬಂದಿದ್ವು. ನನಗೂ ಬಂದ್ವು, ಸುಳ್ಳ ಯಾಕ ಹೇಳಲಿ. ಹೊಲ ಉಳೀತು, ನನ್ನ ನೌಕರಿನೂ ಮುಂದ ಪಕ್ಕಾ ಆತು.

ಖುಷಿಗೆ ದೊಡ್ಡ ಸಾಹೇಬ್ರು ಹೆಣ್ಮಕ್ಕಳನ್ನ ಸುತ್ತ ನಿಲ್ಲಿಸಿ, ಈ ಒಂದು ಸಾಲು ಸಿಗಲಿ ಅಂತಾನೇ ಅಷ್ಟೂ ಸಾಲು ಬಿತ್ತಿದ್ದು, ಅದಕ್ಕೆಲ್ಲಾ ನಾವೇ ರೋಗ ಹಚ್ಚಿದ್ದು ಅಂತ ಸಮಾಧಾನದಿಂದ ತಿಳಿಸಿ ಹೇಳಿದ್ರು. ದೊಡ್ಡವ್ವ ಪೂರಾ ಕೇಳಿದ್ಳು. ಎಲಿ ಹರದು ಹರದು ಬಾತಿದ್ದ ಬೆರಳು ಒಮ್ಮೆ ನೋಡ್ಕೊಂಡ್ಳು. ಆಮ್ಯಾಲ ನಮ್ಮ ಮೂರೂ ಮಂದಿ ಮಾರಿ ನೋಡಿದ್ಳು.

"ಮದಲ ಇದೊಂದನ್ನ ಬಿತ್ತಿದ್ರ ಮುಗದ ಹೋಗತಿತ್ತಲ್ರಿ" ಅಂದ್ಳು.