ಊಟಕ್ಕೆ ಕೂರೋರು

ನನ್ನ ಮೈದುನನಷ್ಟು ಸೋಮಾರಿ ಇಡೀ ಚನ್ನಗಿರಿಯಲ್ಲಿಲ್ಲ. ಅವನಷ್ಟು ದುಡಿಯುವವನೂ ಇಲ್ಲ! ಒಂದು ಮಾತನ್ನು ಎರಡನೇ ಸಲ ಹೇಳುವುದನ್ನು ತಪ್ಪಿಸಿಕೊಳ್ಳಲು ಅವನು ಬೆಳಗಿನಿಂದ ಸಂಜೆಯವರೆಗೆ ಬೆವರು ಸುರಿಸಬಲ್ಲ.

ನಡುಮನೆಯ ಕಿಟಕಿ ಪಕ್ಕ ಹಳೆಯ ಹೊಲಿಗೆ ಯಂತ್ರದ ಮೇಜು. ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸುತ್ತಲಿನ ಊರುಗಳ ಅಂಗಡಿ, ಛತ್ರಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾನೆ. ಯೋಚಿಸುವಾಗ ಕಾಲು ತಾನಾಗಿ ಪೆಡಲ್ ತುಳಿಯುತ್ತದೆ. ಸೂಜಿಯಿಲ್ಲ, ದಾರವಿಲ್ಲ, ಕಟಕಟ ಸದ್ದು ಮಾತ್ರ. ಸದ್ದು ನಿಂತರೆ ಕಾಫಿ ಬೇಕೆಂದರ್ಥ. ಅದನ್ನೂ ಬಾಯಿಬಿಟ್ಟು ಹೇಳುವವನಲ್ಲ!

ಹೋದ ವರ್ಷ ಅವನಿಗೊಂದು ಪ್ಲಗಿನ್ ಸಿಕ್ಕಿತು, ಅವನ ಬರವಣಿಗೆಗೆ ಕೈಯಾಳಿನಂಥ ಪುಟ್ಟ ಪ್ರೋಗ್ರಾಂ. ಗಂಡುಮಗು ಹುಟ್ಟಿದಷ್ಟು ಸಂಭ್ರಮ.

"ಅತ್ತಿಗೆ, ಬರ್ರಿ ಇಲ್ಲಿ! ಪುಟದಾಗೆ ದೊಡ್ಡ, ನಡು, ಸಣ್ಣ ಶೀರ್ಷಿಕೆ ಐತೆ ಅನ್ಕಳ್ರಿ. ಯಾರಿಗೆ ಯಾವ ಬಣ್ಣ ಅಂತ ಸ್ಟೈಲ್‌ಶೀಟ್‌ನಾಗೆ ಹೇಳಾಕೆ ಪ್ರತಿ ಸಲ ಮೂರರ ಹೆಸರೂ ಬರೀಬೇಕಿತ್ತು. ಇನ್ನ ಬ್ಯಾಡ! ಮೂರೂ ಸೇರಿಸಿ ಒಂದ್ಸಲ ಒಂದು ಹೆಸರಿಟ್ರೆ ಮುಗೀತು. ಆ ಹೆಸರು ಕೂಗಿದ್ರೆ ಮೂರೂ ಓಡಿ ಬರ್ತಾವೆ!"

"ಒಗ್ಗರಣೆ ಅಂದ ಹಾಗೆ," ಎಂದೆ. ಸಾಸಿವೆ, ಜೀರಿಗೆ, ಕರಿಬೇವು ಎಂದು ದಿನವೂ ಯಾರು ಜಪ ಮಾಡುತ್ತಾರೆ?

ಪೆಡಲ್ ನಿಂತಿತು. "ಹೌದಲ್ರೀ! ಆದ್ರೆ ನಾವಿಟ್ಟ ಹೆಸರು ಬ್ರೌಸರ್‌ಗೆ ತಿಳಿಯಂಗಿಲ್ಲ. ಪ್ಲಗಿನ್ ಮುಂಚೆನೇ ಆ ಹೆಸರು ಬಿಡಿಸಿ, ಉದ್ದಕ್ಕೆ ಬರೆದು ಕೊಡ್ತೈತೆ."

ಅಂಥ ಹೆಸರುಗಳ ಹಣೆಗೆ ಎರಡು ಚುಕ್ಕೆ, ಎರಡು ಗೀಟು. ವಿಭೂತಿ ಹಚ್ಚಿದ ಹಾಗೆ. ನೋಡಲು ಲಕ್ಷಣವಾಗಿಯೇ ಇದ್ದವು.

ಮೊದಲ ಪ್ರಯೋಗ ನಡೆದದ್ದು ನ್ಯಾಮತಿಯ ಶಾಮಿಯಾನ ಅಂಗಡಿಯ ಮೇಲೆ. ಪುಟದ ಶೀರ್ಷಿಕೆಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿ, ಕುಣಿಯುವ ಕೆಂಪು ಅಕ್ಷರ, ಸುತ್ತ ಚೆಂಡುಹೂ ಕೊಟ್ಟ. ಮದುವೆ ಕುಣಿಯಿತು, ನಾಮಕರಣ ಕುಣಿಯಿತು, ಕಡೆಯಲ್ಲಿದ್ದ ಶಿವಗಣಾರಾಧನೆಯೂ ಕುಣಿಯಿತು! ಮಾಲೀಕರ ಫೋನು ಬಂತು: "ಏನ್ ಸ್ವಾಮಿ, ಸತ್ತೋರ ಮನಿ ಮುಂದೆ ಓಲಗ ಊದಿಸ್ಬಿಟ್ರಲ್ರೀ!"

ಮೈದುನ ಬೆವರಲಿಲ್ಲ. ಗುಂಪಿನಿಂದ ಒಂದು ಹೆಸರು ಅಳಿಸಿದ. ಎಲ್ಲ ಪುಟಗಳಲ್ಲೂ ಸಾವು ಮರ್ಯಾದೆಯಿಂದ ನಿಂತುಕೊಂಡಿತು. "ನೋಡಿದ್ರಾ ಅತ್ತಿಗೆ? ಒಂದು ಕಡೆ ತಿದ್ದಿದ್ರೆ ಎಲ್ಲಾ ಕಡೆ ತಿದ್ದಿದಂಗೆ!"

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬದುಕುತ್ತಿದ್ದೆ. ನಿಲ್ಲಿಸಲಿಲ್ಲ, ಮನೆಮಂದಿಗೂ ಗುಂಪು ಕಟ್ಟಿದ! "ಸಕ್ಕರೆ ಬಿಟ್ಟೋರು" ಎಂದರೆ ಅತ್ತೆಯವರು ಮತ್ತು ನಮ್ಮ ಯಜಮಾನರು.

"ಅವ್ವ ಅನ್ನಾಕೆ ಏನ್ ರೋಗ ನಿಂಗೆ?" ಎಂದು ಅತ್ತೆ ಬೈದರು. "ಬ್ಯಾಂಕಿನಾಗೆ ಟೋಕನ್ ಕೂಗಿದಂಗೆ ಕೂಗ್ತೀಯಲ್ಲೋ!"

ಹೊನ್ನಾಳಿಯ ಸೀಮಂತದಿಂದ ಲಾಡು ಬಂದ ದಿನ ಮಾತ್ರ ಅವರೇ ಮೆತ್ತಗೆ ಅವನ ಪಕ್ಕ ಕುಳಿತರು. "ಲೇ, ಇವತ್ತೊಂದಿನ ನನ್ನ ಆ ಗುಂಪಿನಿಂದ ತೆಗಿಯಪ್ಪಾ. ನಾಳೆ ಸೇರಿಸ್ಕೊಳ್ಳುವಂತೆ." ಅವನು ಗಂಭೀರವಾಗಿ ಯೋಚಿಸಿ ತೆಗೆದ. ಅರ್ಧ ಲಾಡಿನ ಮಟ್ಟಿಗೆ!

ಇನ್ನೊಂದು ಗುಂಪು "ಊಟಕ್ಕೆ ಕೂರೋರು." ಅತ್ತೆ, ಯಜಮಾನರು, ನನ್ನ ಮಗಳು, ಅವನು. ಕೂಗಿದೊಡನೆ ನಾಲ್ವರೂ ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ನಾನು ಸೌಟು ಹಿಡಿದು ನಿಲ್ಲುತ್ತಿದ್ದೆ. ಅವರದ್ದು ಮುಗಿದ ಮೇಲೆ ನನ್ನದು, ಅಡುಗೆಮನೆಯಲ್ಲಿ, ಆರಿದ ಸಾರಿನಲ್ಲಿ, ಹಾಲಿನ ಪಾತ್ರೆಯ ಮೇಲೆ ಒಂದು ಕಣ್ಣಿಟ್ಟು.

ಆಗಲೇ ಬಿಳಿಚೋಡಿನಲ್ಲಿರುವ ನನ್ನ ಅಕ್ಕನಿಗೆ ಕಣ್ಣಿನ ಆಪರೇಷನ್ ಎಂದಾಯಿತು. ಒಂಟಿ ಹೆಂಗಸು, ಒಂದು ವಾರ ಕಣ್ಣಿಗೆ ಹನಿ ಹಾಕಲು ಯಾರಾದರೂ ಬೇಕು. ಹೋಗಬೇಡ ಎಂದು ಯಾರೂ ಅನ್ನಲಿಲ್ಲ. "ಹೋಗ್ಬಾರಮ್ಮ, ಆದ್ರೆ ಮನೆ..." ಎಂದು ಅತ್ತೆ. "ಹೋಗು, ಆದ್ರೆ ಈ ವಾರ ಬ್ಯಾಡ," ಎಂದು ಇವರು. ಬ್ಯಾಗಿನಲ್ಲಿ ಮಡಿಸಿಟ್ಟ ಸೀರೆಗೆ ಮಡಿಕೆಯ ಗೆರೆ ಮೂಡಿತ್ತು. ಮಾತಿಗೆ ಅಡ್ಡ ಬರಬಾರದೆಂದು ಶಾಲೆಯಲ್ಲಿ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದನ್ನು ನಾನು ಇಷ್ಟು ಚೆನ್ನಾಗಿ ಕಲಿಯಬಾರದಿತ್ತು.

ಒಂದು ಸಂಜೆ ಕಾಫಿ ಕೊಡುತ್ತಾ ಮೈದುನನನ್ನು ಕೇಳಿದೆ: "ನಿನ್ನ ಗುಂಪುಗಳಲ್ಲಿ ನಾನೆಲ್ಲಿದ್ದೀನಪ್ಪಾ?"

"ನೀವು ಗುಂಪಿನಾಗೆ ಬರಲ್ಲ ಅತ್ತಿಗೆ. ನೀವು ಪ್ಲಗಿನ್!" ಹೊಗಳಿಕೆಯೆಂದೇ ಹೇಳಿದ. "'ನೆಂಟ್ರು ಬರ್ತಾರೆ' ಅಂತ ಅಣ್ಣ ಒಂದು ಮಾತು ಒಗೀತಾನೆ. ಅದನ್ನ ಹಾಸಿಗೆ, ಹಾಲು, ಹೋಳಿಗೆ ಅಂತ ಬಿಡಿಸೋರು ಯಾರು? ನೀವೇ!"

ನಕ್ಕೆ. ಆಮೇಲೆ ತಟ್ಟೆ ತೊಳೆಯುವಾಗ ನಗು ಇಳಿಯಿತು. ಬಿಡಿಸಿ ಬಿಡಿಸಿ ಪ್ಲಗಿನ್ನಿಗೆ ಆಯಾಸವಾಗುವುದಿಲ್ಲವೇ? ಕೈ ಒರೆಸಿಕೊಂಡು ನಡುಮನೆಗೆ ಬಂದೆ. "ನಾಳೆ ಬಿಳಿಚೋಡಿಗೆ ಹೋಗ್ತಿದ್ದೀನಿ," ಎಂದೆ. ಕೇಳಲಿಲ್ಲ, ಹೇಳಿದೆ. ಪೆಡಲ್ ನಿಂತಿತು. ಈ ಸಲ ಕಾಫಿಗಾಗಿ ಅಲ್ಲ.

ಅಕ್ಕನಿಗೆ ಹನಿ ಹಾಕುವಷ್ಟರಲ್ಲಿ ಅವನ ಫೋನು. "ಅತ್ತಿಗೆ, ಸಾರು ಅಂದ್ರೆ ಏನೇನು?" ಬಿಡಿಸಿದೆ. ಇನ್ನೊಂದು ದಿನ, "'ಬಾಗ್ಲು ಹಾಕಿ ಮಲಗು' ಅಂತೀರಲ್ಲ, ಅದ್ರಾಗೆ ಏನೇನು ಐತೆ?" ಗ್ಯಾಸ್ ಆರಿಸುವುದು, ಹಾಲು ಒಳಗಿಡುವುದು, ಬೆಕ್ಕು ಹೊರಗೆ, ನಲ್ಲಿ ಬಿಗಿ, ಅವ್ವನ ಮಾತ್ರೆ, ಅವರ ತಲೆದೆಸೆಗೆ ನೀರು ಎಂದೆ.

"ಅಷ್ಟೂ ಆ ಒಂದೇ ಮಾತಿನಾಗಾ?" ಎಂದ. ಫೋನಿನಲ್ಲಿ ಪೆಡಲಿನ ಸದ್ದು ಇರಲಿಲ್ಲ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅಕ್ಕ ನಕ್ಕಳು. "ಆಪರೇಷನ್ ಆಗಿದ್ದು ನಂಗೋ, ನಿನ್ನ ಮೈದುನಂಗೋ?"

ವಾರ ಕಳೆದು, ಎರಡು ಬಸ್ಸು ಬದಲಿಸಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಅಡುಗೆಮನೆಯ ಗೋಡೆಯ ಮೇಲೆ ಸಾರಿನ ಹನಿಗಳು ಯಾರ ಹೆದರಿಕೆಯೂ ಇಲ್ಲದೆ ಒಣಗಿದ್ದವು. ಕೈಕಾಲು ತೊಳೆದು ಬರುವಷ್ಟರಲ್ಲಿ ಆ ಕೂಗು: "ಊಟಕ್ಕೆ ಕೂರೋರು ಬರ್ರಿ!"

ನಾಲ್ವರೂ ಕುಳಿತರು. ಅಭ್ಯಾಸಬಲದಿಂದ ಸೌಟಿಗೆ ಕೈ ಹಾಕಿದೆ. ಅದು ಗೂಟದಲ್ಲಿರಲಿಲ್ಲ. ಪಾತ್ರೆಗಳೆಲ್ಲ ಚಾಪೆಯ ನಡುವೆ ಇದ್ದವು. ಅನ್ನ ಹಬೆಯಾಡುತ್ತಿತ್ತು, ಆದರೂ ಯಾರೂ ತುತ್ತೆತ್ತಲಿಲ್ಲ.

"ಯಾಕೆ, ಏನಾಯ್ತು?" ಎಂದೆ.

"ಗುಂಪು ಪೂರ್ತಿ ಆಗಿಲ್ಲ ಅತ್ತಿಗೆ," ಎಂದ ಮೈದುನ, ತಲೆ ಎತ್ತದೆ. ಮಗಳ ಪಕ್ಕ ಇನ್ನೊಂದು ತಟ್ಟೆಯಿತ್ತು.

"ಮತ್ತೆ ಬಡಿಸೋರು ಯಾರೋ?" ಎಂದರು ಅತ್ತೆ.

"ಕೈ ಇದ್ದೋರು, ಅವ್ವ."

ಅತ್ತೆ ಅವನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು, ನನ್ನ ತಟ್ಟೆಗೆ ತಾವೇ ಸಾರು ಬಿಟ್ಟರು.

ಕುಳಿತೆ. ಅಲ್ಲಿಂದ ನೋಡಿದರೆ ಗೋಡೆಯ ಕ್ಯಾಲೆಂಡರ್ ಸೊಟ್ಟಗಿದೆ. ಇಷ್ಟು ವರ್ಷ ನನಗದು ಕಂಡೇ ಇರಲಿಲ್ಲ. ಒಂದು ತುತ್ತು ಬಾಯಿಗಿಟ್ಟೆ. ಸಾರಿಗೆ ಉಪ್ಪೇ ಬಿದ್ದಿರಲಿಲ್ಲ.

ಬಿಸಿಯಾಗಿತ್ತು.