ಮೀನುಗಳ ಪಾಲಿನ ಮೊಸರು

ಮೊಸರಿಲ್ಲದೆ ಊಟ ಮುಗಿಸುವವರನ್ನು ನಾನು ಇಂದಿಗೂ ಪೂರ್ತಿ ನಂಬುವುದಿಲ್ಲ. ರೊಟ್ಟಿ, ಪಲ್ಯ, ಕೆಂಪು ಚಟ್ನಿ ಏನೇ ಇರಲಿ, ಕೊನೆಗೊಂದು ಬಟ್ಟಲು ಕೆನೆಮೊಸರು ಬೀಳದಿದ್ದರೆ ನನ್ನ ಹೊಟ್ಟೆ ದಿನವಿಡೀ ಮುನಿಸಿಕೊಂಡಿರುತ್ತದೆ. ಇಂಥ ನಾನು ತೊಂಬತ್ತರ ದಶಕದ ಆರಂಭದಲ್ಲಿ ಮೀನು ಸಾಕಲು ಹೊರಟೆ. ಮೀನು ತಿನ್ನುವುದಿರಲಿ, ಹೆಸರೆತ್ತಿದರೂ ಬಾಯಿ ತೊಳೆದುಕೊಳ್ಳುವ ಮನೆ ನಮ್ಮದು. ಆದರೆ ಮೋಟೆಬೆನ್ನೂರಿನ ನಮ್ಮ ಹೊಲದಲ್ಲೊಂದು ಹೊಂಡವಿತ್ತು, ಬ್ಯಾಡಗಿಯ ಶಾಲೆಯಲ್ಲಿ ನನ್ನ ಜೊತೆ ಪಾಠ ಹೇಳುತ್ತಿದ್ದ ಹುಸೇನ್‌ಸಾಬರಿಗೆ ಉತ್ಸಾಹವಿತ್ತು, ನನಗೆ ಬೇಡವೆನ್ನುವ ಧೈರ್ಯವಿರಲಿಲ್ಲ. ಅವ್ವ ಮಾತ್ರ ಹೊಂಡದ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ತೌಡು, ಶೇಂಗಾ ಹಿಂಡಿ ಎಷ್ಟು ಹಾಕಿದರೂ ಮೀನುಗಳು ಬೆರಳುದ್ದ ದಾಟಲಿಲ್ಲ. ಬೇಸಿಗೆಗೆ ಹೊಂಡ ಬತ್ತುವುದರೊಳಗೆ ಅವು ತೂಕ ಹಿಡಿಯದಿದ್ದರೆ ನಮ್ಮಿಬ್ಬರ ಮಾನವೂ ನೀರಿನ ಜೊತೆಗೇ ಇಂಗುತ್ತಿತ್ತು. ರಾಣೆಬೆನ್ನೂರಿನಿಂದ ಬಂದ ಮೀನುಗಾರಿಕೆ ಸಾಹೇಬರು, ಹೊಟ್ಟೆಗೆ ಒಳ್ಳೆಯ ಸೂಕ್ಷ್ಮಜೀವಿ ಸೇರಿದರೆ ತಿಂದದ್ದು ಮೈಗೆ ಹತ್ತುತ್ತದೆ ಎಂದರು. ಅದರ ಪುಡಿ ನಮ್ಮ ಕಡೆ ಇನ್ನೂ ಸಿಗುವುದಿಲ್ಲವಂತೆ. ಸದ್ಯಕ್ಕೆ ತೌಡಿಗೆ ಮೊಸರು ಕಲಸಿ ನೋಡಬೇಕಂತೆ. ಆ ಜೀವಿಗಳಿಗೂ ಊಟ ಬೇಕು, ಅದಕ್ಕೆ ತೌಡೇ ಆದೀತು ಎಂದೂ ಹೇಳಿ ಜೀಪು ಹತ್ತಿದರು. ಮೀನಿಗೆ ಉಣ್ಣಿಸಲು ಹೋಗಿ ಮೀನಿನ ಹೊಟ್ಟೆಯ ಬೀಗರಿಗೂ ಎಲೆ ಹಾಕುವ ಪಾಳಿ ನನ್ನದಾಯಿತು.

ಮೊಸರಿನ ಗಡಿಗೆ ಅವ್ವನ ವಶದಲ್ಲಿತ್ತು. ನಾನು ಕೇಳಲು ಹೋದಾಗ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ನಮ್ಮ ಮನೆಯ ಮೊಸರು ಹೊಸ್ತಿಲು ದಾಟುವುದಿಲ್ಲ. ಎದುರುಮನೆಯವರು ಹೆಪ್ಪಿಗೆ ಬಂದರೂ ಬರಿಗೈಯಲ್ಲೇ ಹೋಗಬೇಕು. ಆದರೂ ಸಾಹೇಬರ ವಿಜ್ಞಾನವನ್ನೆಲ್ಲ ಒಪ್ಪಿಸಿದೆ. ಅವ್ವ, ಅವುಗಳಿಗೆ ಹೊಟ್ಟೆ ನೆಟ್ಟಗಿಲ್ಲವೇನು ಎಂದಷ್ಟೇ ಕೇಳಿದಳು. ಹೌದೆಂದೆ.

"ಹೊರಗಿನವ್ರಿಗೆ ಕೊಡಬಾರ್ದು. ನಮ್ಮ ಹೊಲದಾಗ ಇರೂವು ಹೊರಗಿನವು ಹೆಂಗಾಕ್ಕಾವ?" ಎನ್ನುತ್ತ ನೆಲುವಿನಿಂದ ಗಡಿಗೆ ಇಳಿಸಿದಳು.

ಅಂದಿನಿಂದ ತೌಡು ಕಲಸುವುದು ಅವ್ವನದೇ ಕೆಲಸವಾಯಿತು. ಶಾಲೆಯಿಂದ ಬಂದ ನಾನು ಉಂಡೆನೋ ಇಲ್ಲವೋ ಎನ್ನುವ ಮೊದಲು ಅವು ಉಂಡವೋ ಎಂದು ವಿಚಾರಿಸುತ್ತಿದ್ದಳು. ಮೊಸರಿನ ಮಹಿಮೆಯೋ ಅವಳ ಕೈಗುಣವೋ, ಮೀನುಗಳು ಮೈ ತುಂಬಿಕೊಳ್ಳತೊಡಗಿದವು. ಹುಸೇನ್‌ಸಾಬರು ಸಂತೆಯಲ್ಲಿ ಎದೆಯುಬ್ಬಿಸಿ ನಡೆದರು. ಸುಳ್ಳೇಕೆ, ನನಗೂ ಹಿಗ್ಗಾಯಿತು. ಅವುಗಳನ್ನು ಮುಂದೇನು ಮಾಡುತ್ತೇವೆಂದು ಅವ್ವ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎಮ್ಮೆಯ ಹಾಲು ಕಡಿಮೆಯಾದ ಒಂದು ದಿನ, ತಾಟಿನ ಮುಂದೆ ಮೊಸರಿಗಾಗಿ ಕಾಯುತ್ತ ಕುಳಿತಿದ್ದೆ. ಅವ್ವ ಇದ್ದೊಂದು ಬಟ್ಟಲು ಮೊಸರನ್ನು ನನ್ನ ಕಣ್ಣೆದುರೇ ತೌಡಿನ ಬೋಗುಣಿಗೆ ಸುರಿದಳು. ನನಗೇನು ಎಂದು ಕೇಳಿದೆ. ಅವಳು ನನ್ನ ಹೊಟ್ಟೆಯನ್ನೊಮ್ಮೆ ನೋಡಿದಳು.

"ಅವು ಇನ್ನ ಬೆಳೀಬೇಕು ತಮ್ಮಾ. ನೀ ಬೆಳದದ್ದು ಸಾಕು."