ಸೂಜಿ ಮಾಸ್ತರನ ಐದು ಹನಿ

ಡಾಕ್ಟರಮ್ಮ ಆ ಪುಟ್ಟ ಯಂತ್ರವನ್ನು ಅಂಗೈಯಲ್ಲಿಟ್ಟಾಗ ಸೂಜಿ ಮಾಸ್ತರನಿಗೆ ಜೀವಂತ ಇಲಿಮರಿಯನ್ನು ಹಿಡಿದಂತಾಯಿತು.

"ಇದರ ಬಾಯಿಗೆ ಈ ಪಟ್ಟಿ ಸಿಕ್ಕಿಸಿ. ಬೆರಳಿಗೆ ಒಂಚೂರು ಚುಚ್ಚಿ ಒಂದು ಹನಿ ರಕ್ತ ಮುಟ್ಟಿಸಿ. ಐದೇ ಸೆಕೆಂಡು, ನಿಮ್ಮ ಸಕ್ಕರೆ ಎಷ್ಟು ಅಂತ ಹೇಳುತ್ತೆ" ಎಂದರು ಡಾಕ್ಟರಮ್ಮ. "ನಾಳೆ ಖಾಲಿ ಹೊಟ್ಟೇಲಿ, ತಿಂಡಿ ಆದ್ಮೇಲೆ, ಊಟಕ್ಕೆ ಮುಂಚೆ, ಊಟ ಆದ್ಮೇಲೆ, ಸಂಜೆ. ಒಟ್ಟು ಐದು ಸಲ ನೋಡ್ಕೊಂಡು ಆರು ಗಂಟೆಗೆ ಯಂತ್ರ ತಗೊಂಡು ಬನ್ನಿ. ನೀವೇನೂ ಬರ್ಕೊಳ್ಳೋದು ಬೇಡ, ಎಲ್ಲ ಅದೇ ನೆನಪಿಟ್ಕೊಳ್ಳುತ್ತೆ. ಮೂರು ತಿಂಗಳ ಮಾತ್ರೆ, ನಡಿಗೆ ಕೆಲಸ ಮಾಡಿದ್ರೆ ಸರಿ. ಇಲ್ಲಾಂದ್ರೆ ದಿನಕ್ಕೊಂದು ಇಂಜೆಕ್ಷನ್."

ಇಂಜೆಕ್ಷನ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮಾಸ್ತರ ಕುರ್ಚಿಯನ್ನು ಬಾಗಿಲ ಕಡೆಗೆ ಸರಿಸಿಕೊಂಡ.

ಇಲ್ಲಿ ಒಂದು ವಿಷಯ ಹೇಳಬೇಕು. ಸೂಜಿ ಮಾಸ್ತರನದು ಸೂಜಿಯದೇ ಕಸುಬು. ಕೋಟು ಹೊಲಿಯುವ ಅಂಗಡಿಯೊಂದರಲ್ಲಿ ಕೋಟಿನ ಒಳಪದರದ ಬಟ್ಟೆಯನ್ನು ಕೈಯಿಂದ ಹೊಲಿದು ಕೂರಿಸುವುದು ಅವನ ಕೆಲಸ. ಹುಡುಕಿದರೂ ಕಣ್ಣಿಗೆ ಬೀಳದಷ್ಟು ಸಣ್ಣ ಹೊಲಿಗೆ. ಇಪ್ಪತ್ತಾರು ವರ್ಷಗಳಲ್ಲಿ ಒಂದೇ ಒಂದು ಸಲವೂ ಅವನ ಬೆರಳಿಗೆ ಸೂಜಿ ಚುಚ್ಚಿಲ್ಲ. ಇದನ್ನು ಜನ ಕೈಚಳಕ ಎಂದು ಹೊಗಳುತ್ತಿದ್ದರು. ಅದು ಶುದ್ಧ ಹೆದರಿಕೆ ಎಂಬುದು ಅವನ ಹೆಂಡತಿಗೆ ಮಾತ್ರ ಗೊತ್ತಿತ್ತು. ಮೂರು ತಿಂಗಳ ಹಿಂದೆ ಲ್ಯಾಬಿನಲ್ಲಿ ರಕ್ತ ತೆಗೆಯುವಾಗ ಅವನನ್ನು ಇಬ್ಬರು ಹಿಡಿದುಕೊಳ್ಳಬೇಕಾಗಿತ್ತು. ಆಮೇಲೆ ಮೂರನೆಯವನೊಬ್ಬ ಬಂದು ನೆಲದಿಂದ ಎಬ್ಬಿಸಬೇಕಾಯಿತು.

ಮರುದಿನ ಬೆಳಗ್ಗೆ ಮಾಸ್ತರ ಅಡುಗೆಮನೆಯ ಮೇಜಿನ ಮುಂದೆ ಕೂತು, ಎಡಗೈಯ ಬೆರಳನ್ನು ಚಾಚಿ, ಚುಚ್ಚುವ ಕಡ್ಡಿಯನ್ನು ಅದರ ಹತ್ತಿರ ತಂದ. ಬೆರಳು ಹಿಂದೆ ಸರಿಯಿತು. ಕಡ್ಡಿ ಮುಂದೆ ಹೋಯಿತು. ಬೆರಳು ಮೇಜಿನ ಕೆಳಗೆ ಇಳಿಯಿತು.

"ಕಣ್ಣು ಮುಚ್ಕೊಳ್ಳಿ, ನಾನು ಚುಚ್ತೀನಿ" ಎಂದು ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಅಂಗಡಿಗೆ ಹೊತ್ತಾಯ್ತು, ಅಲ್ಲೇ ಮಾಡ್ಕೋತೀನಿ" ಎಂದವನೇ ಯಂತ್ರವನ್ನು ಚೀಲಕ್ಕೆ ತುರುಕಿ ಕಾಲಿಗೆ ಬುದ್ಧಿ ಹೇಳಿದ. ತಿಂಡಿ ತಿನ್ನಲೂ ಮರೆತ.

ಅಂಗಡಿಯಲ್ಲಿ ಮೊದಲು ಸಿಕ್ಕಿದವರು ಕತ್ತರಿ ಅಜ್ಜ. ಬಟ್ಟೆ ಕತ್ತರಿಸುವುದು ಅವರ ಕೆಲಸ, ಎಲ್ಲ ವಿಷಯದಲ್ಲೂ ತಲೆ ಹಾಕುವುದು ಹವ್ಯಾಸ. ಯಂತ್ರ ಕಂಡದ್ದೇ ಕನ್ನಡಕ ಮೂಗಿನ ಮೇಲೆ ಇಳಿಸಿಕೊಂಡರು.

"ಏನಪ್ಪ ಇದು? ಗಡಿಯಾರವೋ?"

ಮಾಸ್ತರ ವಿವರಿಸಿದ. ಅಜ್ಜನ ಕಣ್ಣು ಅಗಲವಾಯಿತು. "ಮೈಯೊಳಗಿನ ಸಕ್ಕರೆ ಹೊರಗಿಂದ ಕಾಣುತ್ತಾ? ಎಲ್ಲಿ, ತಾ ಇಲ್ಲಿ. ಇದಕ್ಕೆಲ್ಲ ಹೆದರ್ತಾರೇನೋ!" ಎಂದವರೇ ಹೊಸ ಸೂಜಿ ಹಾಕಿ ತಮ್ಮ ಬೆರಳಿಗೇ ಟಕ್ಕೆಂದು ಚುಚ್ಚಿಕೊಂಡು, ಹನಿಯನ್ನು ಪಟ್ಟಿಗೆ ಮುಟ್ಟಿಸಿಬಿಟ್ಟರು. ಯಂತ್ರ ಕುಂಯ್ ಎಂದಿತು. ತೊಂಬತ್ತಾರು.

"ನೋಡ್ದ್ಯಾ! ಖಾಲಿ ಹೊಟ್ಟೇಲಿ ಬಂದಿದೀನಿ. ಎಪ್ಪತ್ತೊಂದು ವರ್ಷದ ರಕ್ತ ಇದು."

ಮಾಸ್ತರ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿ ನಿಂತಿದ್ದವನು ನಿಧಾನವಾಗಿ ಕಣ್ಣು ಬಿಟ್ಟ. ಖಾಲಿ ಹೊಟ್ಟೆ. ತೊಂಬತ್ತಾರು. ಯಂತ್ರಕ್ಕೆ ಅಂಕಿ ನೆನಪಿರುತ್ತದೆ, ಬೆರಳು ಯಾರದೆಂದು ನೆನಪಿರುವುದಿಲ್ಲ. ಅವನ ಮುಖ ಅರಳಿತು. ಮಾಡುವುದು ತಪ್ಪು ಎಂದು ಗೊತ್ತಿದ್ದೂ ಅರಳಿತು.

ಎರಡನೆಯದಕ್ಕೆ ಅವನು ಕೇಳಬೇಕಾಗಿಯೇ ಬರಲಿಲ್ಲ. ಗುಂಡಿ ಹಚ್ಚುವ ಅಕ್ಕ ಟೀ ಕುಡಿದು ಲೋಟ ಇಡುವಾಗ, "ಅಜ್ಜ ಏನೋ ತೊಂಬತ್ತಾರು ತೊಂಬತ್ತಾರು ಅಂತ ಊರೆಲ್ಲ ಸಾರ್ತಾ ಇದಾರಲ್ಲ, ಏನದು? ನಂದೆಷ್ಟು ನೋಡು" ಎಂದು ತಾನೇ ಬೆರಳು ಚಾಚಿದಳು. ನೂರ ಹದಿನೆಂಟು. ಊಟಕ್ಕೆ ಮುಂಚೆ ಇಸ್ತ್ರಿಯವನ ಸರದಿ. ಬಾಗಿಲಲ್ಲಿ ಅಡ್ಡ ನಿಂತರೆ ಬೆಳಕು ನಿಲ್ಲುವಂಥ ಆಳು ಅವನು. "ನೋವಾಗಿದ್ದೇ ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ಚುಚ್ಕೊಳ್ಳಲಾ?" ಎಂದ. ನೂರ ಒಂದು. ಮೂರೂ ಬಂಗಾರದಂಥ ಅಂಕಿಗಳು. ಮಾಸ್ತರ ಶಿಳ್ಳೆ ಹಾಕುತ್ತ ಮೂರು ಕೋಟು ಮುಗಿಸಿದ.

ಊಟವಾದ ಮೇಲೆ ಆ ಅಂಗಡಿಯಲ್ಲಿ ಹೊಲಿಗೆ ಯಂತ್ರಗಳು ಅರ್ಧ ಗಂಟೆ ಸುಮ್ಮನಿರುತ್ತವೆ. ಬಾಯಿಗಳು ಸುಮ್ಮನಿರುವುದಿಲ್ಲ. ಅವತ್ತಿನ ಚರ್ಚೆ, ಉಂಡ ಊಟ ಯಾರ ಮೈಯಲ್ಲಿ ಎಷ್ಟು ಸಕ್ಕರೆಯಾಗಿದೆ ಎಂಬುದು.

"ಈಗ ನಂದು ನೋಡೋಣ" ಎಂದರು ಅಜ್ಜ.

"ನಿಮ್ದು ಬೆಳಗ್ಗೆ ನೋಡಾಯ್ತಲ್ಲ, ಈಗ ನಂದು" ಎಂದಳು ಅಕ್ಕ.

"ಜಾಸ್ತಿ ಉಂಡಿರೋನು ನಾನು, ನ್ಯಾಯವಾಗಿ ನಂದು" ಎಂದ ಇಸ್ತ್ರಿಯವ.

ಮೂವರೂ ಆಗಲೇ ಚುಚ್ಚಿಕೊಂಡು ಬೆರಳ ತುದಿಯಲ್ಲಿ ಹನಿ ಇಟ್ಟುಕೊಂಡು ನಿಂತಿದ್ದರು. ಮಾಸ್ತರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಯಂತ್ರವನ್ನು ಮುಂದೆ ಹಿಡಿದ. ಮೂರು ಬೆರಳೂ ಒಟ್ಟಿಗೇ ನುಗ್ಗಿದವು. ಯಾವುದೋ ಒಂದು ಹನಿಯನ್ನು ಪಟ್ಟಿ ಹೀರಿಕೊಂಡಿತು. ಯಂತ್ರ ಐದು, ನಾಲ್ಕು, ಮೂರು ಎಂದು ಎಣಿಸುತ್ತಿರುವಾಗಲೇ ಮೆಟ್ಟಿಲ ಮೇಲೆ ಅಂಗಡಿಯ ಯಜಮಾನಿಯ ಚಪ್ಪಲಿಯ ಸದ್ದು ಕೇಳಿಸಿತು. ಮಾಸ್ತರ ಯಂತ್ರವನ್ನು ಚಿಂದಿ ಬುಟ್ಟಿಗೆ ಎಸೆದ. ಅದು ಯಾರಿಗೂ ಕಾಣದಂತೆ ಚಿಂದಿಯೊಳಗೇ ಲೆಕ್ಕ ಮುಗಿಸಿ ಕುಂಯ್ ಎಂದಿತು.

"ಬುಟ್ಟೀಲೇನದು ಕೂಗಿದ್ದು?" ಯಜಮಾನಿ ಹುಬ್ಬೇರಿಸಿದಳು.

ಅವಳೇ ಬಗ್ಗಿ ಹೊರತೆಗೆದಳು. ಅಷ್ಟರಲ್ಲಿ ಯಂತ್ರ ತಾನಾಗಿ ಆರಿಹೋಗಿತ್ತು. ಈಗ ಬೈಗುಳದ ಮಳೆ ಸುರಿಯುತ್ತದೆಂದು ಎಲ್ಲರೂ ತಲೆ ತಗ್ಗಿಸಿ ನಿಂತರೆ, ಅವಳು ವಿಷಯವನ್ನೆಲ್ಲ ಕೇಳಿಕೊಂಡು, "ಅಂಗಡಿ ನಂದು, ನನ್ನನ್ನೇ ಬಿಟ್ಟು ನೋಡ್ಕೊಂಡ್ರಾ?" ಎಂದಳು. ಸಂಜೆ ಐದಕ್ಕೆ ಕೈತೊಳೆದುಕೊಂಡು ಬಂದು ಗಂಭೀರವಾಗಿ ಬೆರಳು ಕೊಟ್ಟಳು. ನೂರ ಒಂಬತ್ತು. ಅಲ್ಲಿಗೆ ಐದೂ ಆಯಿತು.

ಆರು ಗಂಟೆಗೆ ಮಾಸ್ತರ ಹೊಸ ಅಳಿಯನಂತೆ ಬೀಗುತ್ತ ಡಾಕ್ಟರಮ್ಮನ ಮುಂದೆ ಕೂತ. ಅವರು ಯಂತ್ರದ ಗುಂಡಿ ಒತ್ತಿ ಒಂದೊಂದೇ ಅಂಕಿ ಓದಿದರು.

"ತೊಂಬತ್ತಾರು. ಭೇಷ್. ನೂರ ಹದಿನೆಂಟು. ನೂರ ಒಂದು. ಪರವಾಗಿಲ್ವೇ ನೀವು! ಮುನ್ನೂರ ಹತ್ತು."

ಅವರು ಅಲ್ಲಿಗೇ ನಿಂತರು. ಮಾಸ್ತರ ಬಗ್ಗಿ ಯಂತ್ರವನ್ನು ನೋಡಿದ.

"ಊಟ ಆದ್ಮೇಲೆ ಮುನ್ನೂರ ಹತ್ತಾ? ಆಮೇಲೆ ತಾನಾಗೇ ನೂರ ಒಂಬತ್ತಾ? ಹೀಗೆ ಏರಿಳಿದ್ರೆ ಒಳ್ಳೇದಲ್ಲ. ಕಾಯೋದು ಬೇಡ, ಇಂಜೆಕ್ಷನ್ ಇವತ್ತೇ ಶುರು ಮಾಡೋಣ." ಅವರ ಕೈ ಆಗಲೇ ಡ್ರಾಯರಿನ ಕಡೆ ಹೋಗುತ್ತಿತ್ತು.

"ನಂದಲ್ಲ! ಒಂದೂ ನಂದಲ್ಲ!" ಎಂದು ಮಾಸ್ತರ ಕುರ್ಚಿಯಿಂದ ಎದ್ದುನಿಂತು ಕೂಗಿಬಿಟ್ಟ. ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು.

ಅಜ್ಜ, ಅಕ್ಕ, ಇಸ್ತ್ರಿಯವ, ಚಿಂದಿ ಬುಟ್ಟಿ, ಯಜಮಾನಿ ಎಲ್ಲ ಹೊರಗೆ ಬಂತು. ಡಾಕ್ಟರಮ್ಮನಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಮಾಸ್ತರನ ಕೈ ಹಿಡಿದೆಳೆದರು. ಅವನು ಅಯ್ಯೋ ಎಂದು ಬಾಯಿ ತೆರೆಯುವ ಮೊದಲೇ ಟಕ್ಕೆಂದಿತು. ನೂರ ಮೂವತ್ತೊಂದು.

"ಅಲ್ರೀ, ಇಷ್ಟು ಚೆನ್ನಾಗಿದೆ! ಇದನ್ನ ತೋರಿಸೋಕೆ ಇಷ್ಟೆಲ್ಲ ನಾಟಕನಾ? ನಿಮಗೆ ಇಂಜೆಕ್ಷನ್ ಬೇಕಾಗಲ್ಲ."

ಮಾಸ್ತರನಿಗೆ ಮೈ ಹಗುರಾಯಿತು. ಚುಚ್ಚಿದ ಬೆರಳನ್ನು ಬಾಯಲ್ಲಿಟ್ಟುಕೊಂಡೇ ನಗತೊಡಗಿದ. ಆಗ ಡಾಕ್ಟರಮ್ಮ ಕೇಳಿದರು: "ಹಾಗಾದ್ರೆ ಆ ಮುನ್ನೂರ ಹತ್ತು ಯಾರದ್ದು?"

ಅವನ ನಗು ನಿಂತಿತು. ಮೂರು ಹನಿ, ಒಂದು ಪಟ್ಟಿ. ಕಣ್ಣು ಮುಚ್ಚಿಕೊಂಡಿದ್ದವನಿಗೆ ಏನು ಗೊತ್ತು? ಹಾಗೇ ಎದ್ದು ಮನೆಗೆ ಹೋಗಬಹುದಿತ್ತು. ಆದರೆ ಅವನ ಕಣ್ಣ ಮುಂದೆ ಅಜ್ಜ ಬಂದರು, ಟೀ ಲೋಟ ಹಿಡಿದ ಅಕ್ಕ ಬಂದಳು, ಇನ್ನೊಂದ್ಸಲ ಚುಚ್ಕೊಳ್ಳಲಾ ಎಂದ ಇಸ್ತ್ರಿಯವ ಬಂದ. ಮೂವರಲ್ಲಿ ಒಬ್ಬರಿಗೆ ಕಾಯಿಲೆ, ಅವರಿಗೇ ಗೊತ್ತಿಲ್ಲ. ಅವನಿಗೆ ನಿಜವಾಗಿಯೂ ಸಂಕಟವಾಯಿತು.

"ಅಂಗಡಿ ಏಳರವರೆಗೂ ತೆರೆದಿರುತ್ತೆ. ನೀವೂ ಬನ್ನಿ" ಎಂದ.

ರೋಗಿಗಳು ಮುಗಿದದ್ದೇ ಡಾಕ್ಟರಮ್ಮ ಪೆಟ್ಟಿಗೆ ಹಿಡಿದು ಹೊರಟರು. ಅಂಗಡಿ ಅದೇ ಬೀದಿಯ ಕೊನೆಯಲ್ಲಿತ್ತು. ಅವರಿಗೂ ಆ ಮುನ್ನೂರ ಹತ್ತರ ಒಡೆಯರು ಯಾರೆಂದು ತಿಳಿಯದೆ ಊಟ ಸೇರುವಂತಿರಲಿಲ್ಲ.

ಮಧ್ಯಾಹ್ನ ಬೆರಳು ಚಾಚಲು ನಾಮುಂದು ತಾಮುಂದು ಎಂದವರು ವಿಷಯ ತಿಳಿದದ್ದೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಆಗ ಅದು ಆಟ, ಈಗ ಅದು ಕಾಯಿಲೆ.

"ನಂದಂತೂ ಅಲ್ಲ, ಬೆಳಗ್ಗೆ ತೊಂಬತ್ತಾರು ಬಂದಿದೆ" ಎಂದರು ಅಜ್ಜ. ದನಿ ಸಣ್ಣಗಾಗಿತ್ತು.

"ಊಟ ಆದ್ಮೇಲೆ ಏರಬಹುದು. ಮೂವರದೂ ನೋಡ್ಲೇಬೇಕು" ಎಂದರು ಡಾಕ್ಟರಮ್ಮ.

ಅಜ್ಜ ಮಾಸ್ತರನ ಕಡೆ ಬೆರಳು ತೋರಿಸಿದರು. "ನಿನಗೋಸ್ಕರ ನಾನು ಚುಚ್ಕೊಂಡೆ. ಈಗ ನನಗೋಸ್ಕರ ನೀನು ಚುಚ್ಚಿಸ್ಕೋ. ನಿನ್ನ ಮುಖ ನೋಡ್ಕೊಂಡು ನಾನು ಧೈರ್ಯ ತಗೋತೀನಿ."

ಮಾಸ್ತರ ಬಾಗಿಲನ್ನು ನೋಡಿದ. ಬಾಗಿಲಲ್ಲಿ ಇಸ್ತ್ರಿಯವ ಅಡ್ಡ ನಿಂತಿದ್ದ. ಮಾಸ್ತರ ಅಜ್ಜನ ಮುಖ ನೋಡಿದ, ಹಲ್ಲು ಕಚ್ಚಿ ಬೆರಳು ಕೊಟ್ಟ. ಟಕ್. ಡಾಕ್ಟರಮ್ಮ ಅವನ ಅಂಕಿಯನ್ನೂ ಚೀಟಿಯಲ್ಲಿ ಗುರುತು ಹಾಕಿಕೊಂಡರು. ಆಮೇಲೆ ಅಜ್ಜ ಕೊಟ್ಟರು. ನೂರ ನಾಲ್ಕು.

"ನನಗೂ ಹಾಗೇ ಮಾಡ್ಬೇಕು, ಒಬ್ಬರಿಗೊಂದು ಒಬ್ಬರಿಗೊಂದು ಮಾಡೋ ಹಾಗಿಲ್ಲ" ಎಂದಳು ಅಕ್ಕ. ಮಾಸ್ತರನ ಇನ್ನೊಂದು ಬೆರಳಿಗೆ ಟಕ್. ಅಕ್ಕನದು ನೂರ ಇಪ್ಪತ್ತು. ಎಲ್ಲರೂ ಇಸ್ತ್ರಿಯವನ ಕಡೆ ತಿರುಗಿದರು. ಅಷ್ಟು ದೊಡ್ಡ ಆಳು ಮೂಲೆಯಲ್ಲಿ ಕುಸಿದು ಕೂತಿದ್ದ. "ನಂದೇ ಇರ್ಬೇಕು ಮಾಸ್ತರ, ನನ್ನ ಕೈ ಹಿಡ್ಕೋ" ಎಂದ. ಮಾಸ್ತರ ಒಂದು ಕೈಯಲ್ಲಿ ಅವನನ್ನು ಹಿಡಿದು ಇನ್ನೊಂದು ಕೈಯನ್ನು ಡಾಕ್ಟರಮ್ಮನಿಗೆ ಕೊಟ್ಟ. ಟಕ್. ಇಸ್ತ್ರಿಯವನದು ನೂರ ಹನ್ನೆರಡು.

ಮೂವರೂ ನೆಟ್ಟಗಿದ್ದರೆ ಮುನ್ನೂರ ಹತ್ತು ಎಲ್ಲಿಂದ ಬಂತು?

ಡಾಕ್ಟರಮ್ಮ ತಲೆ ಕೆರೆದುಕೊಂಡರು. "ಆಗ ಕೈ ತೊಳ್ಕೊಂಡಿದ್ರಾ?"

ಮೂವರೂ ಮುಖ ಮುಖ ನೋಡಿಕೊಂಡರು. "ಅದೂ, ಊಟ ಆದ್ಮೇಲೆ ಒಂದೇ ಒಂದು ಕಿತ್ತಳೆ ಹಣ್ಣು ಸುಲಿದು ಮೂವರೂ ಹಂಚ್ಕೊಂಡ್ವಿ" ಎಂದ ಇಸ್ತ್ರಿಯವ.

"ಅಯ್ಯೋ ಪುಣ್ಯಾತ್ಮರೇ! ಬೆರಳಿಗಂಟಿದ ರಸಾನೂ ಯಂತ್ರ ಎಣಿಸುತ್ತೆ. ಮುನ್ನೂರ ಹತ್ತು ಇದ್ದದ್ದು ಆ ಕಿತ್ತಳೆಗೆ, ನಿಮಗಲ್ಲ!"

ಅಂಗಡಿ ನಗೆಯಿಂದ ತುಂಬಿತು. ಇಸ್ತ್ರಿಯವ ಎದ್ದು ಕುಣಿದೇಬಿಟ್ಟ. ಯಜಮಾನಿ ಮಾತ್ರ ಸುಮ್ಮನಿರಲಿಲ್ಲ. "ನಾನೂ ನಿನಗೋಸ್ಕರ ಬೆರಳು ಕೊಟ್ಟಿದೀನಿ. ನಂದೂ ಇನ್ನೊಂದ್ಸಲ ನೋಡ್ಬೇಕು, ಆದ್ರೆ ನೀನು ಮೊದಲು" ಎಂದಳು. ಯಜಮಾನಿಗೆ ಇಲ್ಲ ಎನ್ನುವುದುಂಟೆ? ಟಕ್.

ಅವಳದೂ ಸರಿಯಾಗಿಯೇ ಇತ್ತು. ಮಾಸ್ತರ ತಾನು ಚುಚ್ಚಿಸಿಕೊಂಡ ಬೆರಳುಗಳನ್ನು ಎಣಿಸಿದ. ಐದು. ಬೆಳಗ್ಗೆಯಿಂದ ತಪ್ಪಿಸಿಕೊಂಡು ಓಡಾಡಿದ ಐದನ್ನೂ ಒಂದೇ ಗಂಟೆಯಲ್ಲಿ ಮುಗಿಸಿದ್ದ, ಬಿದ್ದಿರಲಿಲ್ಲ. ಅವನಿಗೆ ತನ್ನ ಮೇಲೇ ಅಭಿಮಾನ ಬಂತು. ಇಂಜೆಕ್ಷನ್ ಇಲ್ಲ, ಕಾಯಿಲೆಯ ಕಾಟ ಯಾರಿಗೂ ಇಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳುವ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳತೊಡಗಿದ.

ಡಾಕ್ಟರಮ್ಮ ಮಾತ್ರ ತಾವು ಚೀಟಿಯಲ್ಲಿ ಗುರುತು ಹಾಕಿಕೊಂಡದ್ದನ್ನು ನೋಡುತ್ತ ನಿಂತಿದ್ದರು. ಅವರ ಕಣ್ಣು ಬೆಳಗತೊಡಗಿತ್ತು.

"ಇದು ಬಹಳ ಸ್ವಾರಸ್ಯವಾಗಿದೆ ಕಣ್ರೀ. ನಿಮ್ಮದು ನೋಡಿ. ಮೊದಲು ನೂರ ಮೂವತ್ತೊಂದು. ಆಮೇಲೆ ನೂರ ನಲವತ್ಮೂರು. ನೂರ ಐವತ್ತೆಂಟು. ನೂರ ಎಪ್ಪತ್ತು. ಈಗ ನೂರ ಎಂಬತ್ತಾರು. ಬಾಯಿಗೆ ಏನೂ ಹಾಕ್ಕೊಂಡಿಲ್ಲ ತಾನೇ?"

"ನೀರೂ ಕುಡಿದಿಲ್ಲ" ಎಂದ ಮಾಸ್ತರ.

"ಅದೇ ಮತ್ತೆ! ಹೆದರಿದ್ರೂ ಸಕ್ಕರೆ ಏರುತ್ತೆ. ಒಂದೊಂದು ಸಲ ಚುಚ್ಚಿದಾಗ್ಲೂ ಏರಿದೆ. ನಿಮ್ಮ ಸಕ್ಕರೆ ಊಟಕ್ಕಿಂತ ಹೆಚ್ಚು ಸೂಜಿಗೆ ಏರುತ್ತೆ. ಈ ಹೆದರಿಕೆ ಇರೋವರೆಗೂ ನಿಮ್ಮ ನಿಜವಾದ ಅಂಕಿ ನನಗೆ ಸಿಗೋದೇ ಇಲ್ಲ. ಅದಕ್ಕಿರೋದು ಒಂದೇ ದಾರಿ, ಅಭ್ಯಾಸ ಆಗ್ಬೇಕು. ನಾಳೆಯಿಂದ ದಿನಕ್ಕೆ ಐದು ಸಲ, ಒಂದು ತಿಂಗಳು. ಚುಚ್ಚೋದು ಬೇಸರ ಬರೋವರೆಗೂ ಚುಚ್ಕೊಳ್ಳಿ."

"ಇಲ್ಲೇ ಮಾಡ್ಸೋಣ ಡಾಕ್ಟರಮ್ಮ, ನಾವೆಲ್ಲ ಇದೀವಲ್ಲ. ಕೈ ತೊಳೆಸಿ ಚುಚ್ತೀವಿ" ಎಂದರು ಅಜ್ಜ. ಅಕ್ಕ ಆಗಲೇ ಗೋಡೆಯ ಮೇಲಿನ ಹಾಳೆಯಲ್ಲಿ ಯಾರ ಸರದಿ ಯಾವ ಹೊತ್ತಿಗೆ ಎಂದು ಬರೆಯತೊಡಗಿದ್ದಳು.

ಸೂಜಿ ಮಾಸ್ತರ ಮನಸ್ಸಿನಲ್ಲೇ ಗುಣಿಸಿದ. ದಿನಕ್ಕೆ ಐದು, ಮೂವತ್ತು ದಿನ. ಗುಣಿಸಿ ಮುಗಿಯುವಷ್ಟರಲ್ಲಿ ಅವನ ಹಣೆ ಬೆವರಿತ್ತು. ಡಾಕ್ಟರಮ್ಮನ ಹತ್ತಿರ ಸರಿದು, ಯಾರಿಗೂ ಕೇಳಿಸದಂತೆ ಪಿಸುಗುಟ್ಟಿದ:

"ಡಾಕ್ಟರಮ್ಮ, ಆ ಇಂಜೆಕ್ಷನ್ ದಿನಕ್ಕೆ ಒಂದೇ ಅಂದಿದ್ರಲ್ಲ? ದಮ್ಮಯ್ಯ, ನನಗೆ ಅದನ್ನೇ ಕೊಟ್ಬಿಡಿ."

"ಏನ್ರೀ ನೀವು!" ಎಂದು ಡಾಕ್ಟರಮ್ಮ ಪೆಟ್ಟಿಗೆ ಮುಚ್ಚಿದರು. "ಅದನ್ನ ಬೇಕಾದವರಿಗೆ ಕೊಡೋದು. ನಿಮಗ್ಯಾಕೆ? ನೀವು ಚೆನ್ನಾಗಿದೀರಲ್ಲ!"